ಹೆಸರು ನಮ್ಮದು, ಸಾಲ ಇನ್ನಾರದೋ

ಕಳವು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮುರಿದ ಬೀಗ, ತೆರೆದ ಟ್ರಂಕು, ಬರಿದಾದ ಒಡವೆಯ ಡಬ್ಬಿ. ವಸ್ತು ಇದ್ದ ಜಾಗ ಬರಿದಾಗಿ ಕಾಣುವುದರಿಂದಲೇ ಕಳವಾಗಿದೆಯೆಂದು ಮನೆಯವರಿಗೆ ಗೊತ್ತಾಗುತ್ತದೆ. ಆದರೆ ಒಬ್ಬರ ಹೆಸರು, ಹುಟ್ಟಿದ ದಿನಾಂಕ, ಆಧಾರ್ ಅಥವಾ ಪಾನ್ ಸಂಖ್ಯೆ, ಹೆಬ್ಬೆಟ್ಟಿನ ಗುರುತು ಇವುಗಳನ್ನು ಇನ್ನೊಬ್ಬನು ಅಪಹರಿಸಿ, ತಾನೇ ಆ ವ್ಯಕ್ತಿಯೆಂದು ತೋರಿಸಿಕೊಂಡು ವ್ಯವಹರಿಸಿದಾಗ ಮೂಲದವರ ಬಳಿ ಏನೂ ಕಡಮೆಯಾಗುವುದಿಲ್ಲ. ಹೆಸರು ಅವರಲ್ಲಿಯೇ ಇರುತ್ತದೆ, ಕಾರ್ಡು ಪೆಟ್ಟಿಗೆಯಲ್ಲಿಯೇ ಇರುತ್ತದೆ, ಬೆರಳು ಕೈಯಲ್ಲಿಯೇ ಇರುತ್ತದೆ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ತೆರಿಗೆ ಇಲಾಖೆಯ ನೋಟೀಸು ಮನೆಗೆ ಬಂದಾಗಲೋ, ಮಗನ ವಿದ್ಯಾಭ್ಯಾಸಕ್ಕೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ತಲೆಯಾಡಿಸಿದಾಗಲೋ ವಿಷಯ ಹೊರಬೀಳುತ್ತದೆ. ಗುರುತಿನ ಕಳವು ಎಂದು ಕರೆಯಲಾಗುವ ಈ ಅಪರಾಧ ಎಷ್ಟು ವ್ಯಾಪಕವಾಗಿದೆ, ಯಾರನ್ನು ತಟ್ಟುತ್ತದೆ ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡಬೇಕೆಂದು ನಾವು ಬಯಸಿದ್ದೇವೆ.

ವ್ಯಾಪ್ತಿಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲು ಯಾರಾದರೂ ಎಣಿಸಿರಬೇಕು. ಹೀಗೆ ಎಣಿಸುವ ದೇಶಗಳಲ್ಲಿ ಅಮೆರಿಕ ಮುಖ್ಯವಾದದ್ದು. ಅಲ್ಲಿನ ನ್ಯಾಯ ಇಲಾಖೆಯ ಅಂಕಿ ಅಂಶಗಳ ವಿಭಾಗವು ಪೊಲೀಸು ಠಾಣೆಯ ಪುಸ್ತಕವನ್ನು ನೆಚ್ಚಿ ಕೂರದೆ ಜನರನ್ನೇ ನೇರವಾಗಿ ವಿಚಾರಿಸುತ್ತದೆ. 2021ರ ಸಮೀಕ್ಷೆಯ ಪ್ರಕಾರ, ಹದಿನಾರು ವರ್ಷ ತುಂಬಿದ ಅಮೆರಿಕನ್ನರಲ್ಲಿ 2 ಕೋಟಿ 39 ಲಕ್ಷ ಮಂದಿ ಆ ಒಂದೇ ವರ್ಷದ ಅವಧಿಯಲ್ಲಿ ಇಂತಹ ಕಳವಿಗೆ ಗುರಿಯಾಗಿದ್ದರು. ನೂರಕ್ಕೆ ಒಂಬತ್ತು ಮಂದಿ ಎಂದಾಯಿತು. ನಷ್ಟದ ಮೊತ್ತ 1,640 ಕೋಟಿ ಡಾಲರು. ಅದೇ ವಿಭಾಗದ 2014ರ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿ ತಿಳಿದುಬಂದಿತ್ತು: ಹೀಗೆ ಹಾನಿಗೊಳಗಾದ ಹತ್ತು ಮಂದಿಯಲ್ಲಿ ಒಬ್ಬರು ಸಹ ಪೂರ್ತಿಯಾಗಿ ಪೊಲೀಸರಲ್ಲಿಗೆ ಹೋಗಿರಲಿಲ್ಲ.

ಈ ಎರಡನೆಯ ಸಂಗತಿಯನ್ನು ನಮ್ಮ ದೇಶಕ್ಕೆ ಅನ್ವಯಿಸಿ ನೋಡಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಿದ್ದುಪಡಿಯಾಗಿ, 2009ರ ಅಕ್ಟೋಬರಿನಿಂದ 66ಸಿ ಎಂಬ ಕಲಮು ಜಾರಿಯಲ್ಲಿದೆ. ಇನ್ನೊಬ್ಬರ ಗುರುತನ್ನು ಕದ್ದು ಬಳಸಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನು ಅದು ವಿಧಿಸುತ್ತದೆ. ಆದರೆ ನಮ್ಮಲ್ಲಿ ಪ್ರಕಟವಾಗುವ ಅಪರಾಧದ ಲೆಕ್ಕವೆಲ್ಲ ಠಾಣೆಯಲ್ಲಿ ದಾಖಲಾದ ಪ್ರಕರಣಗಳದ್ದು. ಓದುಬರಹ ಬಲ್ಲ, ಬ್ಯಾಂಕಿನ ಕಾಗದ ತಿಂಗಳು ತಿಂಗಳು ಮನೆಗೆ ಬರುವ ದೇಶದಲ್ಲಿಯೇ ಹತ್ತರಲ್ಲಿ ಒಂಬತ್ತಕ್ಕೂ ಮಿಕ್ಕಿದವರು ಠಾಣೆಯ ಮೆಟ್ಟಿಲು ಹತ್ತಲಿಲ್ಲವೆಂದ ಮೇಲೆ, ತನ್ನ ಹೆಸರಿನಲ್ಲಿ ವ್ಯವಹಾರ ನಡೆದಿರುವುದೇ ತಿಳಿಯದ ನಮ್ಮ ಹಳ್ಳಿಯ ಕೂಲಿಕಾರನು ಯಾವ ಲೆಕ್ಕದಲ್ಲಿ ಸೇರಿಯಾನು?

ಸಂಖ್ಯೆಯೊಂದನ್ನೇ ಮನುಷ್ಯನ ಗುರುತೆಂದು ನಂಬಿದರೆ ಏನಾಗುವುದೆಂಬುದಕ್ಕೆ ಅಮೆರಿಕದಲ್ಲಿಯೇ ಒಂದು ಹಳೆಯ ಪ್ರಸಂಗವಿದೆ. ಅಲ್ಲಿ ಪ್ರತಿಯೊಬ್ಬ ದುಡಿಯುವವನಿಗೂ ಸಾಮಾಜಿಕ ಭದ್ರತಾ ಸಂಖ್ಯೆ ಎಂಬುದೊಂದಿರುತ್ತದೆ. 1938ರಲ್ಲಿ ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟಿನ ಕಂಪನಿಯೊಂದು, ಈ ಸಂಖ್ಯೆಯ ಕಾರ್ಡು ತಾನು ಮಾಡುವ ಹಣದ ಚೀಲಗಳಲ್ಲಿ ಹೇಗೆ ಸರಿಯಾಗಿ ಕೂರುತ್ತದೆಂದು ತೋರಿಸಲು ಪ್ರತಿ ಚೀಲದೊಳಗೆ ಒಂದೊಂದು ಮಾದರಿ ಕಾರ್ಡನ್ನು ಇಟ್ಟು ಮಾರಿತು. ಮಾದರಿಗೆ ಬಳಸಿದ್ದು ಕಚೇರಿಯ ಕಾರ್ಯದರ್ಶಿಯಾಗಿದ್ದ ಮಹಿಳೆಯೊಬ್ಬರ ನಿಜವಾದ ಸಂಖ್ಯೆಯನ್ನೇ. ಕಾರ್ಡು ಅರ್ಧ ಗಾತ್ರದ್ದು, ಕೆಂಪು ಶಾಯಿಯದು, ಮೇಲೆ ‘ಮಾದರಿ’ ಎಂದು ಅಚ್ಚಾಗಿತ್ತು. ಆದರೂ ಕೊಂಡವರಲ್ಲಿ ಅನೇಕರು ಅದನ್ನೇ ತಮ್ಮ ಸಂಖ್ಯೆಯೆಂದು ಭಾವಿಸಿದರು. 1943ರಲ್ಲಿ 5,755 ಮಂದಿ ಆ ಒಂದೇ ಸಂಖ್ಯೆಯ ಮೇಲೆ ವ್ಯವಹರಿಸುತ್ತಿದ್ದರು. ಒಟ್ಟು ನಲವತ್ತು ಸಾವಿರಕ್ಕೂ ಹೆಚ್ಚು ಜನ ಅದನ್ನು ತಮ್ಮದೆಂದು ಬರೆಸಿದ್ದರು. 1977ರಲ್ಲಿಯೂ ಹನ್ನೆರಡು ಮಂದಿ ಬಿಟ್ಟಿರಲಿಲ್ಲ. ಇವರಾರೂ ಕಳ್ಳರಲ್ಲ, ಅಮಾಯಕರು. ಆದರೆ ಆ ಮಹಿಳೆ ಮಾತ್ರ ಸ್ವಂತ ಸಂಖ್ಯೆಯನ್ನು ಕಳೆದುಕೊಂಡು ಹೊಸದೊಂದನ್ನು ಪಡೆಯಬೇಕಾಯಿತು.

ಇನ್ನು ಯಾರನ್ನು ತಟ್ಟುತ್ತದೆ ಎಂಬ ಪ್ರಶ್ನೆ. ಕಂಪ್ಯೂಟರು ಬಳಸುವವರು, ಪಟ್ಟಣದವರು, ಹಣವಂತರು ಇದಕ್ಕೆ ಗುರಿಯಾಗುತ್ತಾರೆ, ನಮ್ಮಂಥವರಿಗೇನು ಎಂಬ ಭಾವನೆ ಹಲವರಲ್ಲಿದೆ. ಅಮೆರಿಕದ ಮಟ್ಟಿಗೆ ಅದರಲ್ಲಿ ಸ್ವಲ್ಪ ಸತ್ಯವುಂಟು. ಅಲ್ಲಿನ ಹಲವು ಸಮೀಕ್ಷೆಗಳಲ್ಲಿ ಹೆಚ್ಚು ವರಮಾನದ ಮನೆಗಳವರೇ ಹೆಚ್ಚು ಪ್ರಮಾಣದಲ್ಲಿ ಸಿಕ್ಕಿದ್ದಾರೆ, ಏಕೆಂದರೆ ಅವರಲ್ಲಿ ಕಾರ್ಡುಗಳು ಹೆಚ್ಚು, ಖಾತೆಗಳು ಹೆಚ್ಚು. ಆದರೆ ಅಲ್ಲಿ ಬಹುಪಾಲು ಪ್ರಕರಣಗಳು ಇದ್ದ ಕಾರ್ಡನ್ನೋ ಖಾತೆಯನ್ನೋ ದುರುಪಯೋಗ ಮಾಡಿದಂಥವು. ಬ್ಯಾಂಕಿಗೆ ತಿಳಿಸಿದರೆ ಅನೇಕರಿಗೆ ಹಣ ಹಿಂದಿರುಗುತ್ತದೆ. ಕಳವಾದವರ ಸಂಖ್ಯೆ ಒಂದು, ಪೆಟ್ಟು ತಿಂದವರ ಸಂಖ್ಯೆ ಇನ್ನೊಂದು. ನಮ್ಮ ದೇಶದಲ್ಲಿ ಪೆಟ್ಟು ತಿನ್ನುವವರು ಯಾರೆಂದು ನೋಡಿದರೆ, ತಮ್ಮ ಕಾಗದವನ್ನು ತಾವು ಓದಲಾರದೆ ಇನ್ನೊಬ್ಬರ ಕೈಗೆ ಕೊಟ್ಟು ಕೂರಬೇಕಾದವರೇ ಮುಂದಿನ ಸಾಲಿನಲ್ಲಿ ಕಾಣುತ್ತಾರೆ. ಪ್ರಸಿದ್ಧರಿಗೂ ವಿನಾಯಿತಿಯಿಲ್ಲ, ನಿಜ. 2022ರಲ್ಲಿ ಹಿಂದಿ ಚಿತ್ರನಟ ರಾಜ್‌ಕುಮಾರ್ ರಾವ್ ಅವರು ತಮ್ಮ ಪಾನ್ ಸಂಖ್ಯೆಯ ಮೇಲೆ ಯಾರೋ 2,500 ರೂಪಾಯಿಗಳ ಸಾಲ ಪಡೆದಿದ್ದಾರೆಂದು ಬಹಿರಂಗವಾಗಿ ದೂರಿಕೊಂಡರು. ಆದರೆ ನಟರು ದೂರಿಕೊಂಡರೆ ಪತ್ರಿಕೆಗಳು ಬರೆಯುತ್ತವೆ.

ಗುಜರಾತಿನ ಭಾವನಗರ ಜಿಲ್ಲೆಯ ಪಾಲಿತಾಣಾದಲ್ಲಿ 2023ರಲ್ಲಿ ಬೆಳಕಿಗೆ ಬಂದ ಪ್ರಕರಣವನ್ನು ನೋಡಿ. ಸರ್ಕಾರದ ಯೋಜನೆಯ ಲಾಭ ಕೊಡಿಸುವುದಾಗಿ ಬಡವರನ್ನು ಆಧಾರ್ ಕೇಂದ್ರಕ್ಕೆ ಕರೆದೊಯ್ದು, ಅವರ ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆಯನ್ನು ಬದಲಾಯಿಸಿ, ಅನಂತರ ಅವರ ಹೆಸರಿನಲ್ಲಿ ವ್ಯಾಪಾರ ಸಂಸ್ಥೆಗಳನ್ನು ಜಿಎಸ್‌ಟಿಯಲ್ಲಿ ನೋಂದಾಯಿಸಲಾಗಿತ್ತು. ಸರಕೂ ಇಲ್ಲ, ಅಂಗಡಿಯೂ ಇಲ್ಲ, ಬರೀ ಬಿಲ್ಲು. ಇದು ಒಂದು ಊರಿನ ಕಥೆಯಲ್ಲ. ಅದೇ ವರ್ಷದ ಮೇ 16ರಿಂದ ಜುಲೈ 15ರವರೆಗೆ ದೇಶಾದ್ಯಂತ ನಡೆದ ತಪಾಸಣೆಯಲ್ಲಿ ಜಿಎಸ್‌ಟಿ ನೋಂದಣಿ ಪಡೆದಿದ್ದ 21,791 ಸಂಸ್ಥೆಗಳು ವಾಸ್ತವದಲ್ಲಿ ಇರಲೇ ಇಲ್ಲವೆಂದು ಕಂಡುಬಂದಿತು. ಶಂಕಿತ ತೆರಿಗೆ ವಂಚನೆ 24,010 ಕೋಟಿ ರೂಪಾಯಿಗಳು. ಇಲ್ಲದ ಸಂಸ್ಥೆಗೂ ಕಾಗದದ ಮೇಲೆ ಒಬ್ಬ ಮಾಲೀಕನ ಹೆಸರು ಬೇಕು. ಆ ಹೆಸರು ಕದ್ದದ್ದಾಗಿದ್ದರೆ ಕೋಟಿಗಳ ತೆರಿಗೆ ಕಟ್ಟೆಂದು ನೋಟೀಸು ಹೋಗುವುದು ದಿನಗೂಲಿಯವನ ಗುಡಿಸಲಿಗೆ. ಅವನು ಕಂಪನಿಯ ಮಾಲೀಕನಲ್ಲವೆಂದು ಸಾಧಿಸುವ ಹೊಣೆಯೂ ಅವನ ತಲೆಯ ಮೇಲೆಯೇ. ಕೂಲಿ ಬಿಟ್ಟು ವಕೀಲರ ಮನೆ ಅಲೆಯುವ ದಿನಗಳ ನಷ್ಟವನ್ನು ಯಾವ ಇಲಾಖೆಯೂ ಎಣಿಸುವುದಿಲ್ಲ.

ಹೆಬ್ಬೆಟ್ಟಿನ ವಿಚಾರ ಇನ್ನೂ ಸೋಜಿಗದ್ದು. ಬೇರೊಬ್ಬನನ್ನು ಮಾಲೀಕನೆಂದು ಕೂರಿಸಿ ಜಮೀನು ಬರೆಸಿಕೊಳ್ಳುವ ಮೋಸ ಹಳೆಯದು. 1908ರ ನೋಂದಣಿ ಕಾಯ್ದೆಯ 82ನೆಯ ಕಲಮಿನಲ್ಲಿಯೇ ಅದಕ್ಕೆ ಏಳು ವರ್ಷಗಳವರೆಗಿನ ಸೆರೆವಾಸ ಹೇಳಿದೆ. ಈ ಮೋಸವನ್ನು ತಡೆಯಲೆಂದೇ 2001ರಲ್ಲಿ ಕಾಯ್ದೆಗೆ 32ಎ ಎಂಬ ಕಲಮನ್ನು ಸೇರಿಸಿ, ಪತ್ರದ ಮೇಲೆ ಭಾವಚಿತ್ರ ಮತ್ತು ಬೆರಳಚ್ಚು ಕಡ್ಡಾಯವೆಂದು ವಿಧಿಸಲಾಯಿತು. ಮುಂದೆ ಪತ್ರಗಳೆಲ್ಲ ಕಂಪ್ಯೂಟರಿಗೆ ಏರಿದವು, ಪ್ರತಿಗಳು ಸುಲಭವಾಗಿ ದೊರೆಯುವಂತಾದವು, ಪ್ರತಿಯ ಜೊತೆಗೆ ಬೆರಳಚ್ಚೂ ದೊರೆಯಿತು. 2018ರಲ್ಲಿ ತೆಲಂಗಾಣದ ಮೊಬೈಲ್ ಅಂಗಡಿಯವನೊಬ್ಬ ಅಲ್ಲಿನ ನೋಂದಣಿ ಇಲಾಖೆಯ ಜಾಲತಾಣದಿಂದ ಪತ್ರಗಳನ್ನು ಇಳಿಸಿಕೊಂಡು, ರಬ್ಬರ್ ಸ್ಟಾಂಪು ತಯಾರಿಸುವ ಯಂತ್ರದಲ್ಲಿ ಆ ಬೆರಳಚ್ಚುಗಳ ಅಚ್ಚು ತೆಗೆದು, ಸಾವಿರಾರು ಸಿಮ್ ಕಾರ್ಡುಗಳನ್ನು ಅನ್ಯರ ಹೆಸರಿನಲ್ಲಿ ಚಾಲನೆಗೊಳಿಸಿದ್ದನ್ನು ಪೊಲೀಸರು ಪತ್ತೆ ಹಚ್ಚಿದರು. ಕಂಪನಿ ಗೊತ್ತುಪಡಿಸಿದ ಮಾರಾಟದ ಗುರಿ ಮುಟ್ಟುವುದಕ್ಕಾಗಿ ಇಷ್ಟೆಲ್ಲ!

ನಮ್ಮ ನಾಡಿಗೂ ಅದು ಬಂದಿತು. 2023ರಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ, ಆಸ್ತಿ ನೋಂದಣಿಗೆಂದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಬೆರಳೊತ್ತಿ ಬಂದ ಹಲವರ ಬ್ಯಾಂಕ್ ಖಾತೆಯಿಂದ ಹಣ ಹೋದ ದೂರುಗಳು ಬಂದವು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಎಟಿಎಂ ಕಾರ್ಡು ಬೇಡ, ಗುಪ್ತಸಂಖ್ಯೆ ಬೇಡ, ಮೊಬೈಲಿಗೆ ಬರುವ ಒಟಿಪಿಯೂ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇಷ್ಟಿದ್ದರೆ ಸಾಕು. ಬ್ಯಾಂಕಿನ ಶಾಖೆಯಿಲ್ಲದ ಹಳ್ಳಿಗಳಲ್ಲಿ ಪಿಂಚಣಿ, ಕೂಲಿ ಹಣಗಳು ಮನೆಯ ಬಾಗಿಲಲ್ಲಿ ದೊರೆಯಲೆಂದು ಮಾಡಿದ ಏರ್ಪಾಡು ಇದು. ಅದರ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಹತ್ತು ಮೈಲು ನಡೆಯಬೇಕಿದ್ದ ಮುದುಕಿಗೆ ಈಗ ಊರಿನಲ್ಲಿಯೇ ಹಣ ಸಿಗುತ್ತದೆ. ಆದರೆ ಗುಪ್ತಸಂಖ್ಯೆ ಬಯಲಾದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು. ಮೋಸ ತಡೆಯಲು ತಂದ ಬೆರಳಚ್ಚೇ ಮೋಸಕ್ಕೆ ಕೀಲಿಕೈಯಾದದ್ದನ್ನು ಏನೆನ್ನೋಣ!

ಇಷ್ಟರವರೆಗೆ ಹೇಳಿದ್ದು ಅಪರಿಚಿತ ಕಳ್ಳರ ಮಾತು. ಕುಟುಂಬಗಳ ಪತ್ರಿಕೆಯಾದ ಇದರಲ್ಲಿ ಮನೆಯೊಳಗಿನ ಮಾತನ್ನೂ ಆಡಲೇಬೇಕು, ಕೇಳಲು ಹಿತವಲ್ಲದಿದ್ದರೂ.

ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಅಮಿಲೊ ಎಂಬ ಊರಿನ ಲಾಲ್ ಬಿಹಾರಿ ಎಂಬವರು 1970ರ ದಶಕದ ಮಧ್ಯಭಾಗದಲ್ಲಿ ಸಾಲ ಪಡೆಯಲೆಂದು ತಮ್ಮ ಜಮೀನಿನ ದಾಖಲೆ ಕೇಳಲು ಹೋದರು. ಆಗ ಅವರು ಇಪ್ಪತ್ತರ ತರುಣ. ಕಂದಾಯ ದಾಖಲೆಯಲ್ಲಿ ಅವರು ಮರಣ ಹೊಂದಿದ್ದರು! ಅವರ ಚಿಕ್ಕ ಹಿಡುವಳಿಯನ್ನು ತಮ್ಮದಾಗಿಸಿಕೊಳ್ಳಲು ಬಂಧುಗಳೇ ಅಧಿಕಾರಿಗೆ ಲಂಚವಿತ್ತು ಹಾಗೆ ಬರೆಸಿದ್ದರು. ಎದುರಿಗೆ ನಿಂತು ಮಾತಾಡುತ್ತಿರುವ ಮನುಷ್ಯನಿಗಿಂತ ಪುಸ್ತಕದಲ್ಲಿನ ಅಕ್ಷರವೇ ಕಚೇರಿಗೆ ದೊಡ್ಡದಾಯಿತು. ತಾವು ಬದುಕಿರುವುದನ್ನು ಸರ್ಕಾರದ ಯಾವುದಾದರೊಂದು ಕಾಗದ ಒಪ್ಪಿಕೊಳ್ಳಲೆಂದು ಅವರು ಮಾಡಿದ ಪ್ರಯತ್ನಗಳು ಒಂದೆರಡಲ್ಲ. ಹೆಂಡತಿಗೆ ವಿಧವಾ ವೇತನ ಕೊಡಿರೆಂದು ಅರ್ಜಿ ಹಾಕಿದರು. ಹೆಸರಿನ ಮುಂದೆ ‘ಮೃತಕ’ ಎಂದು ಸೇರಿಸಿಕೊಂಡರು. ಅಲಹಾಬಾದಿನಲ್ಲಿ 1988ರಲ್ಲಿ ವಿ. ಪಿ. ಸಿಂಗರ ವಿರುದ್ಧ, ಅಮೇಠಿಯಲ್ಲಿ 1989ರಲ್ಲಿ ರಾಜೀವ್ ಗಾಂಧಿಯವರ ವಿರುದ್ಧ ಚುನಾವಣೆಗೆ ನಿಂತರು. ಗೆಲ್ಲುವುದು ಅವರ ಉದ್ದೇಶವಾಗಿರಲಿಲ್ಲವೆಂದು ಹೇಳಬೇಕಾಗಿಲ್ಲ. 1994ರಲ್ಲಿ ಅವರು ದಾಖಲೆಯಲ್ಲಿ ಮರಳಿ ಬದುಕಿದರು. ಅಷ್ಟರಲ್ಲಿ ಯೌವನವೆಲ್ಲ ಕಳೆದುಹೋಗಿತ್ತು. ತಮ್ಮಂತೆಯೇ ಕಾಗದದಲ್ಲಿ ಸತ್ತವರಿಗಾಗಿ ಅವರು ‘ಮೃತಕ ಸಂಘ’ವನ್ನು ಕಟ್ಟಿದರು. ಸಂಘ ಕಟ್ಟುವಷ್ಟು ಜನ ಆ ಸ್ಥಿತಿಯಲ್ಲಿದ್ದರೆಂಬುದೇ ನಮ್ಮನ್ನು ಹೆಚ್ಚು ಕಳವಳಗೊಳಿಸುತ್ತದೆ. ಹೊರಗಿನ ಕಳ್ಳನು ಹೆಸರನ್ನು ಬಳಸಿಕೊಂಡಾನು. ಹೆಸರನ್ನೇ ಅಳಿಸುವ ಧೈರ್ಯ ಊರು ಮನೆ ಬಲ್ಲವನಿಗೆ ಮಾತ್ರ ಬಂದೀತು.

ಬಂಧುಗಳಿಂದ ಆಗುವ ಈ ಕೇಡು ಬಡ ನಾಡಿನದೆಂದೇನೂ ತಿಳಿಯಬೇಕಾಗಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಿಂದ 2011ರಲ್ಲಿ ಒಂದು ವರದಿ ಹೊರಬಿದ್ದಿತು. ಮಾಹಿತಿ ಸೋರಿಕೆಯಲ್ಲಿ ಸಿಕ್ಕಿದ್ದ ನಲವತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಹೆಸರುಗಳನ್ನು ಪರಿಶೀಲಿಸಿದಾಗ 4,311 ಮಕ್ಕಳ ಸಂಖ್ಯೆಯನ್ನು ಬೇರೆ ಯಾರೋ ಬಳಸುತ್ತಿದ್ದರು. ಮಕ್ಕಳಿಗೆ ಸಾಲವಿಲ್ಲ, ಖಾತೆಯಿಲ್ಲ, ಹದಿನೆಂಟು ತುಂಬುವವರೆಗೆ ಯಾರೂ ವಿಚಾರಿಸುವುದಿಲ್ಲ. ಇಂತಹ ಪ್ರಕರಣಗಳಲ್ಲಿ ಹಲವು ಬಾರಿ, ತಮ್ಮ ಹೆಸರು ಕೆಟ್ಟುಹೋದ ತಂದೆತಾಯಿಗಳೇ ಮಗುವಿನ ಹೆಸರಿನಲ್ಲಿ ವಿದ್ಯುತ್ ಸಂಪರ್ಕವನ್ನೋ ಸಾಲವನ್ನೋ ಪಡೆದಿರುತ್ತಾರೆ.

ಈಗ ನಮ್ಮ ಮನೆಗಳಿಗೆ ಬರೋಣ. ಅಜ್ಜಿಯ ಸಂಧ್ಯಾ ಸುರಕ್ಷಾ ಹಣ, ಸೊಸೆಯ ಹೆಸರಿನ ಗೃಹಲಕ್ಷ್ಮಿ ಹಣ, ಕಾಕಾನ ಬೆಳೆ ಸಾಲದ ಖಾತೆ ಇವೆಲ್ಲಕ್ಕೂ ಜೋಡಿಸಿರುವ ಮೊಬೈಲ್ ಸಂಖ್ಯೆ ಯಾರದು? ಎಷ್ಟೋ ಮನೆಗಳಲ್ಲಿ ಅದು ಮಗನದು, ಮೈದುನನದು, ಇಲ್ಲವೇ ಅರ್ಜಿ ತುಂಬಿಕೊಟ್ಟ ಅಂಗಡಿಯ ಹುಡುಗನದು. ಕೀಳ್ಮನಸ್ಸಿನಿಂದ ಹೀಗಾಗಿರುವುದಿಲ್ಲ, ಅಜ್ಜಿಗೆ ಫೋನು ತಿಳಿಯದು, ಯಾರಾದರೂ ಓಡಾಡಬೇಕಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಮಕ್ಕಳು ಪ್ರಾಮಾಣಿಕರೇ ಆಗಿರಲಿ. ಆದರೆ ಮೊಬೈಲು ಕೈಯಲ್ಲಿದ್ದವನು ವ್ಯವಹಾರದ ದೃಷ್ಟಿಯಿಂದ ಅಜ್ಜಿಯೇ ಆಗಿಬಿಡುತ್ತಾನೆ. ಅವನು ಆ ಸಂಖ್ಯೆಯನ್ನು ಕೈಬಿಟ್ಟರೆ, ಕೆಲವು ತಿಂಗಳ ಮೇಲೆ ಕಂಪನಿ ಅದನ್ನು ಬೇರೊಬ್ಬರಿಗೆ ಮಾರುತ್ತದೆ. ಆಗ ಅಜ್ಜಿಯ ಒಟಿಪಿ ಯಾವ ಊರಿಗೆ ಹೋಗುವುದೋ! ನಮ್ಮ ಅಭಿಪ್ರಾಯದಲ್ಲಿ, ಹಿರಿಯರ ಖಾತೆಗೆ ಹಿರಿಯರದೇ ಒಂದು ಸಿಮ್ ಇರಬೇಕು. ಓದಿ ಹೇಳುವವರು ಬೇರೆಯವರಾದರೂ ಫೋನು ಅವರ ತಲೆದಿಂಬಿನ ಬಳಿ ಇರಬೇಕು. ಪಾಸ್ ಪುಸ್ತಕವನ್ನು ತಿಂಗಳಿಗೊಮ್ಮೆ ಅಚ್ಚು ಹಾಕಿಸಿ, ಒಂದೊಂದು ಸಾಲನ್ನೂ ಮನೆಯವರೆಲ್ಲರ ಎದುರಿಗೆ ಓದಿ ಹೇಳುವುದರಲ್ಲಿ ಯಾರಿಗೂ ಅಪಮಾನವಿಲ್ಲ.

ಕೆಲವು ಉಪಾಯಗಳು ಸರ್ಕಾರದಿಂದಲೂ ಒದಗಿವೆ, ಬಳಸುವವರು ಕಡಮೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನಮ್ಮ ಬೆರಳಚ್ಚು, ಕಣ್ಣಿನ ಗುರುತುಗಳಿಗೆ ಬೀಗ ಹಾಕಿಸಬಹುದು. ಬೇಕಾದಾಗ ತೆರೆದು ಮತ್ತೆ ಮುಚ್ಚಬಹುದು. ಬೆರಳೊತ್ತಿಯೇ ಪಿಂಚಣಿ ಪಡೆಯುವವರು ಪ್ರತಿ ಸಲವೂ ತೆರೆಸಿಕೊಳ್ಳಬೇಕಾಗುವುದು ತುಸು ತೊಡಕೇ ಸರಿ. ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ತೆರೆದ ‘ಸಂಚಾರ್ ಸಾಥಿ’ಯಲ್ಲಿ ನಮ್ಮ ಹೆಸರಿನ ಮೇಲೆ ಎಷ್ಟು ಸಿಮ್‌ಗಳಿವೆಯೆಂದು ನೋಡಿ, ನಮ್ಮದಲ್ಲದ್ದನ್ನು ನಿಲ್ಲಿಸಲು ತಿಳಿಸಬಹುದು. ಸಾಲದ ವಿವರವಿರುವ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕು ಸಿಬಿಲ್ ಮೊದಲಾದ ನಾಲ್ಕು ಸಂಸ್ಥೆಗಳಿಗೆ ವಿಧಿಸಿದ್ದು 2017ರಿಂದ ಜಾರಿಯಲ್ಲಿದೆ. ಪಡೆಯದ ಸಾಲ ಅದರಲ್ಲಿ ಕಂಡರೆ ಅಲ್ಲಿಯೇ ತಕರಾರು ಸಲ್ಲಿಸಬೇಕು. ಜೆರಾಕ್ಸ್ ಪ್ರತಿ ಕೊಡುವಾಗ ಯಾವ ಕೆಲಸಕ್ಕೆ, ಯಾವ ದಿನ ಎಂದು ಅಡ್ಡಲಾಗಿ ಬರೆದು ರುಜು ಮಾಡುವ ಹಳೆಯ ಗುಮಾಸ್ತರ ಪದ್ಧತಿ ಇಂದಿಗೂ ಒಳ್ಳೆಯದು. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಗ್ರಾಹಕರದಾಗಲಿ ಬ್ಯಾಂಕಿನದಾಗಲಿ ಲೋಪವಿಲ್ಲದೆ ಹೊರಗಿನವರಿಂದ ಆದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊರೆಯಿಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈ ತಿಂಗಳ ಸುತ್ತೋಲೆಯಲ್ಲಿ ಹೇಳಿತು. ‘ಮನೆಯಲ್ಲಿ ಬೈಯುತ್ತಾರೆ’ ಎಂದು ಮುಚ್ಚಿಟ್ಟುಕೊಂಡು ಆ ಮೂರು ದಿನಗಳನ್ನು ಕಳೆದುಕೊಳ್ಳುವವರೇ ಬಹಳ. ಬೈಯುವುದನ್ನು ಆಮೇಲಕ್ಕೆ ಇಟ್ಟುಕೊಳ್ಳುವುದು ಲೇಸು.

ಇನ್ನೊಂದು ವಿಷಯವನ್ನು ಓದುಗ ಬಂಧುಗಳ ಗಮನಕ್ಕೆ ತರಬೇಕು. ಅಗಲಿದವರ ಹೆಸರು ಕಳ್ಳನಿಗೆ ಬಹಳ ಅನುಕೂಲವಾದದ್ದು, ಏಕೆಂದರೆ ದೂರು ಕೊಡುವವರಿಲ್ಲ. ಆಧಾರ್ ಪ್ರಾಧಿಕಾರವು 2025ರ ನವೆಂಬರಿನ ವೇಳೆಗೆ ಮೃತಪಟ್ಟ ಎರಡು ಕೋಟಿಗೂ ಹೆಚ್ಚು ಜನರ ಸಂಖ್ಯೆಗಳನ್ನು ನಿಷ್ಕ್ರಿಯಗೊಳಿಸಿತು. ಅಂದರೆ ಅಷ್ಟು ಸಂಖ್ಯೆಗಳು ಅಲ್ಲಿಯವರೆಗೆ ಜೀವಂತವಾಗಿಯೇ ಇದ್ದವು. ಹಿರಿಯರು ಲಿಂಗೈಕ್ಯರಾದಾಗ ಇಪ್ಪತ್ತೊಂದು ದಿನಗಳೊಳಗೆ ಮರಣ ನೋಂದಣಿ ಮಾಡಿಸಿ, ಪ್ರಮಾಣಪತ್ರದ ಐದಾರು ಪ್ರತಿಗಳನ್ನು ಒಮ್ಮೆಗೇ ಪಡೆದಿಟ್ಟುಕೊಳ್ಳಬೇಕು. ಶಿವಗಣಾರಾಧನೆಯ ಓಡಾಟ ಮುಗಿದ ವಾರದಲ್ಲಿಯೇ ಮನೆಯ ಒಬ್ಬರು ಬ್ಯಾಂಕಿಗೆ, ಪಿಂಚಣಿ ಕೊಡುವ ಕಚೇರಿಗೆ, ಗ್ರಾಮ ಆಡಳಿತಾಧಿಕಾರಿಗಳಿಗೆ ಒಂದೊಂದು ಪ್ರತಿ ಮುಟ್ಟಿಸಿ ಸ್ವೀಕೃತಿ ಪಡೆಯಲಿ. ಪೌತಿ ಖಾತೆಯ ಅರ್ಜಿಯನ್ನೂ ಆಗಲೇ ಕೊಡಲಿ. ಅವರ ಸಿಮ್ಮನ್ನು ಮಾತ್ರ ಈ ಕೆಲಸಗಳೆಲ್ಲ ಮುಗಿಯುವವರೆಗೆ ಚಾಲ್ತಿಯಲ್ಲಿಟ್ಟುಕೊಂಡು, ಕೊನೆಯಲ್ಲಿ ಕಂಪನಿಗೆ ಬರೆದು ಮುಚ್ಚಿಸಲಿ.